ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ಬೇರೆಯೇ ಬಗೆಯ ಗಣಿತ

ಪಿಯುಸಿಯಲ್ಲಿ ಗಣಿತಕ್ಕೆ ತೊಂಬತ್ತಕ್ಕೂ ಹೆಚ್ಚು ಅಂಕ ಪಡೆದು ಕಂಪ್ಯೂಟರ್ ಸೈನ್ಸ್ ಸೇರಿದ ಮಕ್ಕಳು ಕೆಲವೊಮ್ಮೆ ‘ಡಿಸ್ಕ್ರೀಟ್ ಮ್ಯಾಥಮೆಟಿಕ್ಸ್’ ಎಂಬ ವಿಷಯದಲ್ಲಿ ಮುಗ್ಗರಿಸುತ್ತಾರೆ. ಮೊಬೈಲಿನ ಹುಚ್ಚೇ ಇದಕ್ಕೆ ಕಾರಣವೆಂದು ಹೆತ್ತವರು ಗದರುವುದುಂಟು. ಆದರೆ ಕಾರಣ ವಿಷಯದೊಳಗೇ ಇರಬಹುದು. ಇದು ಸೂತ್ರಕ್ಕೆ ಅಂಕಿ ಹಾಕಿ ಉತ್ತರ ತೆಗೆಯುವ ಗಣಿತವಲ್ಲ. ಉತ್ತರ ಏಕೆ ಸರಿ ಎಂದು ಹಂತ ಹಂತವಾಗಿ ಸಾಧಿಸಿ ತೋರಿಸುವ ಗಣಿತ.

ಇದನ್ನು ಹೇಗೆ ಕಲಿಸುತ್ತಾರೆಂದು ತಿಳಿಯಲು ಅಮೆರಿಕದ ಎಂಐಟಿಯ ‘ಮ್ಯಾಥಮೆಟಿಕ್ಸ್ ಫಾರ್ ಕಂಪ್ಯೂಟರ್ ಸೈನ್ಸ್’ ಕೋರ್ಸನ್ನು ನೋಡಬಹುದು. ಅಲ್ಲಿ ಮೊದಲ ಪಾಠವೇ ಸಾಧನೆಯದು. n²+n+41 ಎಂಬ ಲೆಕ್ಕದಲ್ಲಿ n ಬದಲು 0, 1, 2 ಎಂದು ಹಾಕುತ್ತಾ ಹೋದರೆ 41, 43, 47 ಸಿಗುತ್ತವೆ. ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. 39ರ ತನಕವೂ ಹೀಗೆಯೇ. ಆದರೆ 40 ಹಾಕಿದಾಗ ಬರುವ 1681, 41ನ್ನು 41ರಿಂದಲೇ ಗುಣಿಸಿದ ಸಂಖ್ಯೆ! ನಲವತ್ತು ಸಲ ಸರಿಬಂದದ್ದು ನಲವತ್ತೊಂದನೆಯ ಸಲ ತಪ್ಪಿತು. ಪ್ರೋಗ್ರಾಂ ಬರೆಯುವವನು ಕೆಲವು ಸಲ ಓಡಿಸಿ ನೋಡಿ ‘ಸರಿಯಾಗಿದೆ’ ಎಂದರೆ ಸಾಲದು ಎಂಬುದು ಇಲ್ಲಿಯೇ ಮನದಟ್ಟಾಗುತ್ತದೆ.

ಮುಂದೆ ಗಣಿತೀಯ ಅನುಗಮನ ಬರುತ್ತದೆ. ಸಾಲಾಗಿ ನಿಲ್ಲಿಸಿದ ಸೈಕಲುಗಳಲ್ಲಿ ಯಾವುದು ಬಿದ್ದರೂ ಅದರ ಪಕ್ಕದ್ದು ಬೀಳುತ್ತದೆ, ಮೊದಲನೆಯದು ಬಿದ್ದಿದೆ; ಹಾಗಾದರೆ ಎಲ್ಲವೂ ಬೀಳಲೇಬೇಕು. ಒಂದೇ ಕೆಲಸವನ್ನು ಲಕ್ಷ ಸಲ ಮಾಡುವ ಪ್ರೋಗ್ರಾಂ ತಪ್ಪುವುದಿಲ್ಲವೆಂದು ಸಾಧಿಸುವುದು ಇದೇ ರೀತಿಯಲ್ಲಿ. (ಸೆಮಿನರಿಯಲ್ಲಿ ತರ್ಕಶಾಸ್ತ್ರ ಓದಿದವರಿಗೆ ಈ ಶಿಸ್ತು ಅಪರಿಚಿತವಲ್ಲ.) ನಂತರ ಸಂಖ್ಯಾ ಸಿದ್ಧಾಂತ, ಗ್ರಾಫ್‌ಗಳು, ಎಣಿಕೆ, ಸಂಭವನೀಯತೆ. ಸಂಖ್ಯಾ ಸಿದ್ಧಾಂತದ ಭಾಗದಲ್ಲಿ ಆರ್‌ಎಸ್‌ಎ ಎಂಬ ಗುಪ್ತಲಿಪಿಯೂ ಇದೆ. 1977ರಲ್ಲಿ ಅದನ್ನು ರೂಪಿಸಿದ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಅದೇ ಸಂಸ್ಥೆಯಲ್ಲಿದ್ದವರು.

ತರಗತಿಯ ಕ್ರಮವೂ ಗಮನಿಸತಕ್ಕದ್ದು. ಆಲ್ಬರ್ಟ್ ಮೆಯರ್ ಮತ್ತು ಆಡಂ ಕ್ಲಿಪಾಲ 2015ರಲ್ಲಿ ಕಲಿಸಿದಾಗ ವಿದ್ಯಾರ್ಥಿಗಳು ಉಪನ್ಯಾಸದ ವಿಡಿಯೋಗಳನ್ನು ಮೊದಲೇ ನೋಡಿ ಬರಬೇಕಿತ್ತು. ತರಗತಿಯ ಸಮಯವೆಲ್ಲ ಸಣ್ಣ ತಂಡಗಳಾಗಿ ಬೋರ್ಡಿನ ಮುಂದೆ ನಿಂತು ಸಮಸ್ಯೆ ಬಿಡಿಸಲು ಮೀಸಲು. ಒಬ್ಬ ಬರೆದ ಹಂತವನ್ನು ಇನ್ನೊಬ್ಬ ‘ಇದು ಹೇಗೆ ಬಂತು?’ ಎಂದು ಕೇಳುತ್ತಾನೆ. ಬಾಯಿಪಾಠ ಅಲ್ಲಿ ನಡೆಯುವುದಿಲ್ಲ. ಜೊತೆಗೆ ಮನೆಯಲ್ಲಿ ಬಿಡಿಸಿ ತರಬೇಕಾದ ಸಮಸ್ಯೆಗಳು, ಪರೀಕ್ಷೆಗಳು ಇದ್ದೇ ಇವೆ.

ನಮ್ಮಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲೂ ಈ ವಿಷಯವಿದೆ. ತರ್ಕ, ಅನುಗಮನ, ಎಣಿಕೆ ಎಲ್ಲವೂ ಅದರಲ್ಲಿವೆ. ಆದರೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಮಾತ್ರ ಉರುಹೊಡೆದರೆ ಅಂಕ ಬಂದೀತು, ವಿಷಯ ಬಾರದು. ಮೂರು ನಾಲ್ಕು ಮಂದಿ ಸಹಪಾಠಿಗಳು ವಾರಕ್ಕೊಮ್ಮೆ ಒಟ್ಟಿಗೆ ಕುಳಿತು, ಒಬ್ಬರು ಬರೆದ ಸಾಧನೆಯನ್ನು ಉಳಿದವರು ಪ್ರಶ್ನಿಸುವುದಕ್ಕೆ ಖರ್ಚೇನೂ ಇಲ್ಲ.

ಎಂಐಟಿಯ ಈ ಕೋರ್ಸಿನ ವಿಡಿಯೋ, ಪಠ್ಯಪುಸ್ತಕ, ಸಮಸ್ಯೆಗಳೆಲ್ಲ ಅದರ ಓಪನ್‌ಕೋರ್ಸ್‌ವೇರ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪಿಯುಸಿ ಮುಗಿಸಿ ಇಂಜಿನಿಯರಿಂಗ್ ಸೀಟಿಗಾಗಿ ಕಾಯುತ್ತಿರುವವರು ಸಾಧನೆ ಮತ್ತು ಅನುಗಮನದ ಅಧ್ಯಾಯಗಳನ್ನಾದರೂ ಈಗಲೇ ಓದಿಟ್ಟುಕೊಳ್ಳಬಹುದು. ಅದರ ಇಂಗ್ಲಿಷ್ ಸರಳವಾಗಿದೆ, ನಡುನಡುವೆ ತಮಾಷೆಯೂ ಇದೆ.