ಅಜ್ಜಿಯ ದೊಡ್ಡಪತ್ರೆ ಮೂರನೇ ಮಹಡಿಯಲ್ಲಿತ್ತು

ಕಳೆದ ಜುಲೈನಲ್ಲಿ ನನ್ನ ದೊಡ್ಡಪತ್ರೆ ಗಿಡ ಸತ್ತುಹೋಯ್ತು. ನರ್ಸರಿಗೆ ಹೋದ್ರೆ ಇನ್ನೊಂದು ಸಿಗುತ್ತಲ್ಲ, ಅದಕ್ಯಾಕೆ ಇಷ್ಟು ಬೇಜಾರು ಅಂತ ನೀವು ಕೇಳಬಹುದು. ಆದರೆ ಅದು ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜಿಯ ಹಿತ್ತಲಿನಿಂದ ಬಂದದ್ದು. ಅಜ್ಜಿ ಈಗಿಲ್ಲ. ಮನೆ ಮಾರಿಯಾಯ್ತು. ಹಿತ್ತಲಿದ್ದ ಜಾಗಕ್ಕೆ ಹೊಸಬರು ಸಿಮೆಂಟ್ ಹಾಕಿಸಿದ್ದಾರೆ. ಆ ಹಿತ್ತಲಿನದ್ದು ಅಂತ ನನ್ನ ಹತ್ತಿರ ಉಳಿದಿದ್ದು ಬೆಂಗಳೂರಿನ ಬಾಡಿಗೆ ಫ್ಲಾಟ್‌ನ ಬಾಲ್ಕನಿಯಲ್ಲಿದ್ದ ಅದೊಂದೇ ಕುಂಡ.

ಸಾಯಿಸಿದ್ದು ನಾನೇ. ವರ್ಕ್ ಫ್ರಮ್ ಹೋಮ್ ಇದ್ದ ವಾರಗಳವು. ಒಂದು ಮೀಟಿಂಗ್ ಮುಗಿಸೋದು, ಬಾಲ್ಕನಿಗೆ ಬಂದು ಒಂದು ಮಗ್ ನೀರು ಹಾಕೋದು. ಅದರ ಮೇಲೆ ಮಳೆ ಬೇರೆ. ಎಲೆ ಬಾಡಿದಂತೆ ಕಂಡಾಗ ನೀರು ಸಾಲಲಿಲ್ಲವೇನೋ ಅಂದುಕೊಂಡು ಇನ್ನಷ್ಟು ಹಾಕಿದೆ. ಕೊನೆಗೆ ಮಣ್ಣು ಕೆದಕಿ ನೋಡಿದರೆ ಬುಡ ಕಪ್ಪಾಗಿ, ಬೇರು ಕೊಳೆತು ಮೆತ್ತಗಾಗಿತ್ತು. ದಿನಾ ಕೋಡ್‌ಗೆ ಬ್ಯಾಕಪ್ ತೆಗೆಯೋ ನಾನು ಈ ಗಿಡಕ್ಕೆ ಬ್ಯಾಕಪ್ ಇಟ್ಟಿರಲಿಲ್ಲ.

ಇಟ್ಟಿರಲಿಲ್ಲ ಅಂತ ನಾನು ಅಂದುಕೊಂಡಿದ್ದೆ, ಅಷ್ಟೇ.

ನಮ್ಮ ಬಡಾವಣೆಯಲ್ಲಿ ಗಿಡ ಬೆಳೆಸುವವರ ಒಂದು ಚಿಕ್ಕ ಗುಂಪಿದೆ. ಬೆಂಗಳೂರಿಗೆ ಇದು ಹೊಸದಲ್ಲ. 2011ರಲ್ಲಿ ಶುರುವಾದ ‘ಊಟ ಫ್ರಮ್ ಯುವರ್ ತೋಟ’ ಸಂತೆಗೆ ಹೋಗಿ ಬಂದು ತಾರಸಿ ತೋಟ ಮಾಡಿದವರು ನಮ್ಮಲ್ಲೂ ಇದ್ದಾರೆ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಪಾರ್ಕಿನ ಹೊಂಗೆ ಮರದ ಕೆಳಗೆ ಎಲ್ಲರೂ ಸೇರ್ತೀವಿ. ಪೇಪರ್ ಪೊಟ್ಟಣದಲ್ಲಿ ಬೀಜ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಡ್ಡಿ, ಹಳೇ ಪೇಂಟ್ ಡಬ್ಬದಲ್ಲಿ ಗೊಬ್ಬರ. ನಿಯಮ ಒಂದೇ: ಬರಿಗೈಲಿ ಬರಬೇಡಿ, ಬರಿಗೈಲಿ ಹೋಗಬೇಡಿ.

ಗಿಡ ಸತ್ತ ದಿನ ಗುಂಪಿಗೆ ಫೋಟೋ ಹಾಕಿದೆ. ಪಕ್ಕದ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಆಂಟಿ ಫೋನ್ ಮಾಡಿದರು. “ಅಯ್ಯೋ, ನೀನು ಮೊದಲನೇ ಸಲ ಬಂದಾಗ ನಾಲ್ಕು ಕಡ್ಡಿ ತಂದಿದ್ದೆಯಲ್ಲೋ! ನಮ್ಮನೇಲಿ ಪೊದೆ ಆಗಿದೆ, ಬಾ.” ನನಗೆ ಮರೆತೇಹೋಗಿತ್ತು. ಆವತ್ತು ಕೊಡೋಕೆ ಬೇರೇನೂ ಇಲ್ಲದೆ ಅದನ್ನೇ ಮುರಿದು ಒಯ್ದಿದ್ದೆ.

ಹೋಗಿ ನೋಡಿದರೆ ಕುಂಡ ತುಂಬಿ ಚೆಲ್ಲುತ್ತಿತ್ತು. ಅವರಿಂದ ಇನ್ನೂ ಮೂರು ಮನೆಗೆ ಹೋಗಿದೆಯಂತೆ. ಎಲ್ಲರೂ ಅದನ್ನ ‘ತೀರ್ಥಹಳ್ಳಿ ದೊಡ್ಡಪತ್ರೆ’ ಅಂತಲೇ ಕರೀತಾರೆ ಅಂದರು. ಬೀಜದಿಂದ ಹುಟ್ಟಿದ್ದಾದರೆ ಮುಂದಿನ ಪೀಳಿಗೆ ಅನ್ನಬಹುದು. ಕಡ್ಡಿಯಿಂದ ಚಿಗುರಿದ್ದು ಹಾಗಲ್ಲ, ಅದೇ ಗಿಡದ ಮುಂದುವರಿಕೆ. ಎಲೆ ಉಜ್ಜಿ ಮೂಸಿದೆ. ಅಜ್ಜಿ ಬಾವಿಕಟ್ಟೆ ಪಕ್ಕದಿಂದ ಕಿತ್ತು ತರುತ್ತಿದ್ದ ಗಿಡ ನನ್ನ ಕೈಯಲ್ಲಿತ್ತು.

ಆಂಟಿ ಕಡ್ಡಿ ಜೊತೆ ಪಾಠವನ್ನೂ ಕೊಟ್ಟರು. ನಿಮಗೂ ಬೇಕಾಗಬಹುದು. ನಾಲ್ಕೈದು ಇಂಚಿನ ಕಡ್ಡಿ ಮುರಿದು, ಕೆಳಗಿನ ಎಲೆ ತೆಗೀಬೇಕು. ಮಣ್ಣಿಗೆ ಗೊಬ್ಬರದ ಜೊತೆ ಸ್ವಲ್ಪ ಮರಳನ್ನೂ ಬೆರೆಸಿ ನೆಡಬೇಕು. ಕುಂಡಕ್ಕೆ ತೂತು ಇರಲೇಬೇಕು. ಬೆರಳು ಚುಚ್ಚಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು. ಅದರ ದಪ್ಪ ಎಲೆಯಲ್ಲೇ ನೀರಿರುತ್ತೆ, ನಮ್ಮ ಅತಿ ಪ್ರೀತಿ ಅದಕ್ಕೆ ಬೇಡ.

ಎಲ್ಲ ಗಿಡಕ್ಕೂ ಇದೇ ಲೆಕ್ಕವಲ್ಲ. ಪುದೀನಾಗೆ ತೇವ ಇಷ್ಟ. ಅಂಗಡಿಯಿಂದ ತಂದ ಕಟ್ಟಿನ ಎಲೆ ಬಿಡಿಸಿಕೊಂಡು ಕಡ್ಡಿಯನ್ನ ಲೋಟದ ನೀರಲ್ಲಿ ಇಟ್ಟರೆ ಬೇರು ಬರುತ್ತೆ. ಆದರೆ ಅದು ಅಕ್ಕಪಕ್ಕದ ಜಾಗವನ್ನೂ ಕಬಳಿಸೋ ಗಿಡ, ಪ್ರತ್ಯೇಕ ಕುಂಡ ಕೊಡಿ. ಒಂದೆಲಗಕ್ಕೆ ಅರೆ ನೆರಳು, ಅಗಲವಾದ ಪಾತ್ರೆ ಸಾಕು, ಬಳ್ಳಿಯಂತೆ ಹರಡಿಕೊಳ್ಳುತ್ತೆ. ತುಳಸಿಯ ಹೂತೆನೆ ಚಿವುಟುತ್ತಿದ್ದರೆ ಎಲೆ ಚೆನ್ನಾಗಿ ಬರುತ್ತೆ.

ಗುಂಪಿನಿಂದ ಕಲಿತ ಇನ್ನೊಂದು ಎಚ್ಚರಿಕೆ. ‘ಬ್ರಾಹ್ಮಿ’ ಅಂತ ಕೇಳಿದರೆ ಕೆಲವರು ಒಂದೆಲಗ ಕೊಡ್ತಾರೆ, ಕೆಲವರು ಸಣ್ಣ ದಪ್ಪ ಎಲೆಯ ನೀರುಬ್ರಾಹ್ಮಿ ಕೊಡ್ತಾರೆ. ಎರಡೂ ಬೇರೆ ಬೇರೆ ಗಿಡ. ಗೊತ್ತಿರುವವರಿಗೆ ತೋರಿಸದೆ ಯಾವ ಎಲೆಯನ್ನೂ ಬಾಯಿಗೆ ಹಾಕಬೇಡಿ. ಕಷಾಯ ಕುಡಿದು ಶುಗರ್ ಮಾತ್ರೆ ಬಿಡ್ತೀನಿ ಅಂತ ನಮ್ಮಮ್ಮ ಹೊರಟಾಗ ತಡೆದಿದ್ದೂ ಈ ಗುಂಪಿನ ಹಿರಿಯರೇ. ಬಾಲ್ಕನಿ ಅಡುಗೆಗೆ, ಮಾತ್ರೆ ವಿಷಯ ಡಾಕ್ಟರಿಗೆ ಅಂತ ಖಡಾಖಂಡಿತ ಹೇಳಿದರು.

ಹೊಸ ಕಡ್ಡಿ ಬೇರು ಬಿಟ್ಟು, ಎಲೆ ಕೀಳುವಷ್ಟಾದಾಗ ಮೊದಲು ಮಾಡಿದ್ದು ತಂಬುಳಿ. ಹತ್ತು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ. ತಣಿದ ಮೇಲೆ ಹಿಡಿ ತೆಂಗಿನತುರಿ ಜೊತೆ ರುಬ್ಬಿ, ಮಜ್ಜಿಗೆ, ಉಪ್ಪು ಬೆರೆಸಿ, ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಡಿ. ಕುದಿಸಬೇಡಿ. ಬಿಸಿ ಅನ್ನಕ್ಕೆ ಕಲಸಿಕೊಂಡು ತಿಂದ ಅಮ್ಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, “ಮೆಣಸು ಒಂದು ಜಾಸ್ತಿ ಆಯ್ತು, ಅಜ್ಜಿ ಮೂರೇ ಹಾಕ್ತಿದ್ರು” ಅಂದರು.

ನಿಮ್ಮ ಮನೆಯಲ್ಲೂ ಊರಿಂದ ತಂದ ಒಂದು ಗಿಡ ಇದ್ದರೆ, ಈ ವಾರವೇ ಒಂದು ಕಡ್ಡಿ ಮುರಿದು ಪಕ್ಕದ ಮನೆಯವರಿಗೆ ಕೊಡಿ. ನಾನಂತೂ ಬರೋ ಭಾನುವಾರಕ್ಕೆ ಆರು ಕಡ್ಡಿ ಒದ್ದೆ ಪೇಪರಲ್ಲಿ ಸುತ್ತಿ ಇಟ್ಟಿದ್ದೀನಿ.