ಬರೋಡಾದಲ್ಲಿ ಒಂದು ರೂಮು

ಸಂಘದ ಕಳೆದ ಸಭೆಯಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಬಗ್ಗೆ ಮಾತು ಬಂತು. ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ವಕೀಲ, ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಕಾನೂನಿನ ಮೇಷ್ಟ್ರು, ವರ್ಣಭೇದದ ಶಾಲೆಗಳ ಮೇಲೆ ಕೋರ್ಟಿನಲ್ಲಿ ನಿಂತು ಹೋರಾಡಿದವನು. ಅವನ ಶಿಷ್ಯ ಥರ್ಗುಡ್ ಮಾರ್ಷಲ್ 1954ರಲ್ಲಿ ಬ್ರೌನ್ ಮೊಕದ್ದಮೆ ಗೆದ್ದಾಗ ಗುರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಾತು ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ನಮ್ಮಲ್ಲಿ ಅಂಥೋರು ಯಾರೂ ಇಲ್ವಾ ಸಾರ್?" ಎಲ್ಲರೂ ನಕ್ಕರು. ಯಾಕೆಂದರೆ ಉತ್ತರ ಅವನ ಎದುರಿನ ಗೋಡೆಯ ಮೇಲೇ ತೂಗುತ್ತಿತ್ತು, ಕನ್ನಡಕ, ಕೋಟು, ಕೈಯಲ್ಲಿ ಸಂವಿಧಾನ.

ಫೋಟೋ ಆದವರ ಕತೆ ಇಷ್ಟೇ. ನಮಸ್ಕಾರ ಮಾಡ್ತೀವಿ, ಓದೋದಿಲ್ಲ. ಅಂಬೇಡ್ಕರ್ ಸಂವಿಧಾನ ಬರೆದರು ಅನ್ನುವುದು ಗೊತ್ತು. ವಕೀಲಿ ಮಾಡಿದ್ದು, ಕಾನೂನು ಕಾಲೇಜಿನಲ್ಲಿ ಪಾಠ ಹೇಳಿದ್ದು ಅಷ್ಟಾಗಿ ಗೊತ್ತಿಲ್ಲ. ಅದಕ್ಕೂ ಮೊದಲು, 26ರ ವಯಸ್ಸಿನಲ್ಲಿ, ಒಂದು ಊರಿನಲ್ಲಿ ಒಂದು ರೂಮು ಸಿಗದೆ ಪಾರ್ಕಿನಲ್ಲಿ ಕೂತದ್ದು ನನಗೂ ಇತ್ತೀಚಿನವರೆಗೆ ಸರಿಯಾಗಿ ತಿಳಿದಿರಲಿಲ್ಲ. ನಮ್ಮಕ್ಕನ ಮನೆಯವರು ವಡೋದರಾದಲ್ಲಿ ಕೆಲಸದಲ್ಲಿರುವುದರಿಂದ ರಜೆಯಲ್ಲಿ ಅಲ್ಲಿಗೆ ಹೋಗಿದ್ದೆ. ಬೊಂಬಾಯಿಯಿಂದ ಅಹಮದಾಬಾದಿಗೆ ಹೋಗುವ ರೈಲಿನ ದಾರಿ. ಮೊದಲು ಸೂರತ್, ಆಮೇಲೆ ವಡೋದರಾ, ಅಂದರೆ ಹಳೆಯ ಬರೋಡಾ.

ಸೂರತ್ ಸ್ಟೇಷನ್ನಿನಲ್ಲಿ ಜನ ಇಳಿದು ಮಿಠಾಯಿ ಕೊಳ್ಳುತ್ತಾರೆ. 1913ರ ಚಳಿಗಾಲದಲ್ಲಿ ಅಂಬೇಡ್ಕರರೂ ಹಾಗೇ ಇಳಿದಿದ್ದರು. ಬಿ.ಎ. ಮುಗಿಸಿ ಬರೋಡಾ ಸಂಸ್ಥಾನದ ನೌಕರಿಗೆ ಸೇರಿ ಕೆಲವೇ ದಿನ. ತಂದೆಗೆ ಕಾಯಿಲೆ ಎಂದು ತಂತಿ ಬಂದಿತ್ತು. ತಂದೆಗೆಂದು ಮಿಠಾಯಿ ತರಲು ಇಳಿದಾಗ ರೈಲು ಹೊರಟುಹೋಯಿತು ಎಂದು ಜೀವನಚರಿತ್ರೆ ಬರೆದ ಧನಂಜಯ ಕೀರ್ ಹೇಳುತ್ತಾರೆ. ಮಾರನೆಯ ದಿನ ಮನೆ ಮುಟ್ಟಿದರು. ಫೆಬ್ರವರಿ 2ರಂದು ತಂದೆ ಹೋದರು.

ಅದೇ ವರ್ಷ ಮಹಾರಾಜ ಸಯಾಜಿರಾವ್ ಗಾಯಕವಾಡರು ವಿದ್ಯಾರ್ಥಿವೇತನ ಕೊಟ್ಟು ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಕಳಿಸಿದರು. ಷರತ್ತು: ಓದಿ ಬಂದು 10 ವರ್ಷ ಸಂಸ್ಥಾನದಲ್ಲಿ ದುಡಿಯಬೇಕು. ಮಹಾರಾಜರು ಸಣ್ಣ ಮನುಷ್ಯರಲ್ಲ; 1906ರಲ್ಲೇ ತಮ್ಮ ಸಂಸ್ಥಾನದಲ್ಲೆಲ್ಲ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದವರು. ಕೊಲಂಬಿಯಾದಲ್ಲಿ ಎಂ.ಎ., ಲಂಡನ್ನಿನಲ್ಲಿ ಅರ್ಥಶಾಸ್ತ್ರ, ಗ್ರೇಸ್ ಇನ್‌ನಲ್ಲಿ ಬ್ಯಾರಿಸ್ಟರಿಯ ಓದು. ಅದು ಅರ್ಧಕ್ಕೇ ಇರುವಾಗ ವೇತನದ ಅವಧಿ ಮುಗಿಯಿತು, 1917ರಲ್ಲಿ ವಾಪಸ್ಸು. ಸೆಪ್ಟೆಂಬರಿನಲ್ಲಿ ಬರೋಡಾ ಸ್ಟೇಷನ್ನು.

ಎಲ್ಲಿ ಇಳಿದುಕೊಳ್ಳುವುದು? ಹಿಂದೂ ಹೋಟೆಲು ಸಾಧ್ಯವಿಲ್ಲ. ಪಾರ್ಸಿಗಳ ಒಂದು ವಸತಿಗೃಹವಿತ್ತು, ಅದು ಪಾರ್ಸಿಗಳಿಗೆ ಮಾತ್ರ. ನೋಡಿಕೊಳ್ಳುವ ಮುದುಕನಿಗೂ ಗಿರಾಕಿ ಬೇಕಿತ್ತು. ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಸುವುದು, ಊಟವೂ ಸೇರಿ ದಿನಕ್ಕೆ ಒಂದೂವರೆ ರೂಪಾಯಿ, ಹೀಗೆ ಒಪ್ಪಂದವಾಯಿತು. ಮಹಡಿಯ ಮೇಲೆ ಒಂದು ಸಣ್ಣ ಕೋಣೆ, ಪಕ್ಕದಲ್ಲಿ ಸಾಮಾನು ತುಂಬಿದ ದೊಡ್ಡ ಹಾಲು, ವಿದ್ಯುತ್ ದೀಪವಿಲ್ಲ, ಒಂದು ಲಾಟೀನು, ತಲೆಯ ಮೇಲೆ ನೂರಾರು ಬಾವಲಿ. ಕಚೇರಿಯಿಂದ ಬಂದು ಆ ಕತ್ತಲಲ್ಲಿ ಓದುತ್ತಾ ಕೂರುತ್ತಿದ್ದರಂತೆ. ಬೊಂಬಾಯಿಯಿಂದ ಸಾಮಾನು ತಂದ ಅಕ್ಕನ ಮಗ ಈ ಅವಸ್ಥೆ ನೋಡಿ ಅತ್ತುಬಿಟ್ಟ. ಅವನನ್ನು ತಕ್ಷಣ ವಾಪಸ್ಸು ಕಳಿಸಬೇಕಾಯಿತು.

11ನೆಯ ದಿನ ಬೆಳಗ್ಗೆ ಕಚೇರಿಗೆ ಹೊರಡುವಾಗ ಹತ್ತು ಹನ್ನೆರಡು ಪಾರ್ಸಿಗಳು ದೊಣ್ಣೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಯಾರು ನೀನು ಅಂದರು. ಹಿಂದೂ ಅಂದರು ಇವರು. ಸಂಜೆಯೊಳಗೆ ಖಾಲಿ ಮಾಡಬೇಕು, ಇಲ್ಲದಿದ್ದರೆ ಪರಿಣಾಮ ನೆಟ್ಟಗಿರೋದಿಲ್ಲ. ಸರ್ಕಾರಿ ಬಂಗಲೆಗೆ ಹಾಕಿದ ಅರ್ಜಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಒಂದು ವಾರ ಕೇಳಿದರು, ಸಿಗಲಿಲ್ಲ.

ಈ ಘಟನೆ ಹೇಳುವವರೆಲ್ಲ ದೊಣ್ಣೆಯ ಹತ್ತಿರವೇ ನಿಲ್ಲುತ್ತಾರೆ. ನನ್ನನ್ನು ಕಾಡಿದ್ದು ಅದಲ್ಲ, ಆ ಮೇಲಿನ ಮಧ್ಯಾಹ್ನ. ಊರಿನಲ್ಲಿ ಇಬ್ಬರು ಸ್ನೇಹಿತರಿದ್ದರು. ಹಿಂದೂ ಸ್ನೇಹಿತ ಕತೆ ಕೇಳಿ ಮರುಗಿದ, ಸಿಟ್ಟೂ ಮಾಡಿಕೊಂಡ. ಆದರೆ ನೀನು ನಮ್ಮ ಮನೆಗೆ ಬಂದರೆ ಆಳುಗಳು ಬಿಟ್ಟುಹೋಗ್ತಾರೆ ಎಂದ. ಕ್ರಿಶ್ಚಿಯನ್ ಸ್ನೇಹಿತ ಹಿಂದೊಮ್ಮೆ ತಾನಾಗಿಯೇ ಮನೆಗೆ ಕರೆದಿದ್ದವನು. ಈಗ, ನನ್ನ ಹೆಂಡತಿ ನಾಳೆ ಬರ್ತಾಳೆ, ಅವಳನ್ನು ಕೇಳಬೇಕು ಎಂದ. ಇಬ್ಬರೂ ಕೆಟ್ಟವರಲ್ಲ, ಯಾರೂ ಬೈಯಲಿಲ್ಲ. ಅಂಬೇಡ್ಕರ್ ಇದನ್ನೆಲ್ಲ 'ವೇಟಿಂಗ್ ಫಾರ್ ಎ ವೀಸಾ' ಎಂಬ ಸಣ್ಣ ಬರಹದಲ್ಲಿ, ದನಿ ಏರಿಸದೆ ಬರೆದಿಟ್ಟಿದ್ದಾರೆ.

ಇಲ್ಲಿ ನನ್ನದೊಂದು ಸಂಗತಿ ಹೇಳದಿದ್ದರೆ ಮೋಸವಾದೀತು. ಡಿಗ್ರಿ ಎರಡನೇ ವರ್ಷದಲ್ಲಿ ನನ್ನ ಸಹಪಾಠಿಯೊಬ್ಬನಿಗೆ ರೂಮು ಹುಡುಕಲು ಜೊತೆಗೆ ಹೋಗಿದ್ದೆ. ಮನೆಯೊಡತಿ ಬಾಡಿಗೆ ಹೇಳಿ, ಕಾಫಿ ಕೊಟ್ಟು, ಕೊನೆಗೆ "ನೀವು ಯಾವ ಪೈಕಿ?" ಎಂದರು. ಅವನು ಇದ್ದದ್ದು ಹೇಳಿದ. ರೂಮು ನಿನ್ನೆ ತಾನೇ ಬೇರೆಯವರಿಗೆ ಆಯ್ತು ಎಂದು ಅವರಿಗೆ ಆಗ ನೆನಪಾಯಿತು. ಬೀದಿಗೆ ಬಂದ ಮೇಲೆ ಅವನು, ಪರೀಕ್ಷೆ ಮುಗಿಯೋವರೆಗೆ ನಿಮ್ಮನೇಲಿ ಇರಬಹುದಾ ಎಂದು ಕೇಳಿದ. ನಮ್ಮ ಮನೆಯಲ್ಲಿ ಖಾಲಿ ಕೋಣೆ ಇತ್ತು. "ಮನೇಲಿ ಕೇಳಿ ಹೇಳ್ತೀನಿ" ಅಂದೆ. ಕೇಳಲಿಲ್ಲ. ಅವನೂ ಮತ್ತೆ ಎತ್ತಲಿಲ್ಲ, ಹಾಸ್ಟೆಲ್ ಸೇರಿದ.

ಬೊಂಬಾಯಿಯ ರೈಲು ಇದ್ದದ್ದು ರಾತ್ರಿ 9ಕ್ಕೆ. ಅಲ್ಲಿಯವರೆಗೆ ಸುಮಾರು ಐದು ಗಂಟೆ ಕಾಮಾಟಿ ಬಾಗ್‌ನಲ್ಲಿ ಕೂತಿದ್ದರು. ಈಗ ಅದು ಸಯಾಜಿಬಾಗ್. ಕೂತ ಜಾಗವನ್ನು ಸಂಕಲ್ಪ ಭೂಮಿ ಎನ್ನುತ್ತಾರೆ, ಸೆಪ್ಟೆಂಬರ್ 23ರಂದು ಜನ ಸೇರುತ್ತಾರೆ. ನಾನು ಹೋದ ದಿನ ಮಕ್ಕಳು ಐಸ್‌ಕ್ರೀಂ ತಿನ್ನುತ್ತಿದ್ದವು.

ಅದೇ ಕಾಲದಲ್ಲಿ ರೈಲಿನಲ್ಲಿ ನೂರು ಕಿಲೋಮೀಟರು ಮುಂದೆ ಅಹಮದಾಬಾದಿನಲ್ಲೂ ಇದೇ ಪರೀಕ್ಷೆ ನಡೆದಿತ್ತು. 1915ರಲ್ಲಿ ಕೋಚರಬ್ ಆಶ್ರಮಕ್ಕೆ ಗಾಂಧೀಜಿ ದೂದಾಭಾಯಿ ಎಂಬ ಅಸ್ಪೃಶ್ಯ ಶಿಕ್ಷಕರ ಸಂಸಾರವನ್ನು ಸೇರಿಸಿಕೊಂಡಾಗ ಬಾವಿಯ ಹತ್ತಿರ ಬೈಗುಳ ಸುರಿಯಿತು, ದೇಣಿಗೆ ನಿಂತಿತು. ಕೊನೆಗೆ ಒಬ್ಬ ವ್ಯಾಪಾರಿ ಕಾರಿನಲ್ಲಿ ಬಂದು 13,000 ರೂಪಾಯಿ ಕೊಟ್ಟು ಹೋದದ್ದರಿಂದ ಆಶ್ರಮ ಉಳಿಯಿತು. ಅಲ್ಲಿ ಬಾಗಿಲು ತೆರೆಯುವ ಅಧಿಕಾರ ಗಾಂಧೀಜಿಯ ಕೈಯಲ್ಲಿತ್ತು. ಅಂಬೇಡ್ಕರ್ ಬಾಗಿಲಿನ ಈಚೆ ನಿಂತಿದ್ದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಲಂಡನ್ನಿಗೆ ಮತ್ತೆ ಹೋಗಿ ಬ್ಯಾರಿಸ್ಟರಾಗಿ ಬಂದು 1923ರಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ವಕೀಲಿ ಆರಂಭಿಸಿದರು. ಸಾಲಿಸಿಟರುಗಳು ಕೇಸು ಕೊಡಲು ಹಿಂಜರಿಯುತ್ತಿದ್ದರು. ಹೊಟ್ಟೆಪಾಡಿಗೆ ಒಂದು ಸಂಸ್ಥೆಯಲ್ಲಿ ವಾಣಿಜ್ಯ ಕಾನೂನಿನ ಪಾಠ ಹೇಳಿದರು. 1928ರಲ್ಲಿ ಸರ್ಕಾರಿ ಲಾ ಕಾಲೇಜಿನ ಪ್ರಾಧ್ಯಾಪಕ, 1935ರಲ್ಲಿ ಅಲ್ಲೇ ಪ್ರಿನ್ಸಿಪಾಲ್. ಹ್ಯೂಸ್ಟನ್ ಹೊವಾರ್ಡ್ ಬಿಟ್ಟು ಕೋರ್ಟಿನ ಹೋರಾಟಕ್ಕೆ ಇಳಿದದ್ದೂ 1935ರಲ್ಲೇ, ಕಾಕತಾಳೀಯ.

ಮಹಾಡ್ ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್ 20ರಂದು ಎಂದು ಎಲ್ಲರೂ ಭಾಷಣ ಮಾಡುತ್ತೇವೆ. ಅದರ ಮೇಲೆ ಸವರ್ಣೀಯರು ಅಂಬೇಡ್ಕರ್ ಮತ್ತಿತರರ ಮೇಲೆ ಹೂಡಿದ ದಾವೆ ಹತ್ತು ವರ್ಷ ನಡೆದದ್ದನ್ನು ಮರೆಯುತ್ತೇವೆ. ಕೆರೆ ಖಾಸಗಿ, ಅಸ್ಪೃಶ್ಯರನ್ನು ದೂರವಿಡುವುದು ಅನಾದಿ ರೂಢಿ ಎಂಬುದು ಅವರ ವಾದ. 1937ರ ಮಾರ್ಚ್ 17ರಂದು ಹೈಕೋರ್ಟು ಆ ರೂಢಿ ರುಜುವಾತಾಗಿಲ್ಲ ಎಂದಿತು. ತೀರ್ಪು ಬರೆದವರು ನ್ಯಾಯಮೂರ್ತಿ ಬ್ರೂಮ್‌ಫೀಲ್ಡ್, 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಗೆ ಆರು ವರ್ಷ ಸಜೆ ಹಾಕಿದ ಅದೇ ನ್ಯಾಯಾಧೀಶರು! ಅನಾದಿ ಅಂತೀರಲ್ಲ, ಸಾಕ್ಷಿ ಎಲ್ಲಿ ಎಂದು ಕೇಳುವುದು ಭಾಷಣದಿಂದ ಆಗುವ ಕೆಲಸವಲ್ಲ. ಅದಕ್ಕೆ ವಕೀಲನೇ ಬೇಕು.

ನಮ್ಮ ಕಡೆಯವರಿಗೆ ಒಂದು ಮಾತು. ಅವರು 1928ರಲ್ಲಿ ಕಟ್ಟಿದ ಶಿಕ್ಷಣ ಸಂಸ್ಥೆ ದಲಿತ ಹುಡುಗರಿಗಾಗಿ ನಡೆಸಿದ ವಿದ್ಯಾರ್ಥಿನಿಲಯಗಳಲ್ಲಿ ಒಂದು ಧಾರವಾಡದಲ್ಲಿತ್ತು. ಬರೋಡಾದಲ್ಲಿ ರೂಮು ಸಿಗದವರು ಬೇರೆಯವರ ಮಕ್ಕಳಿಗೆ ರೂಮು ಮಾಡಿಕೊಟ್ಟರು.

ಅಚ್ಚಿಗೆ ಕೊಡುವ ಮೊದಲು ಇದನ್ನು ಆ ಸಹಪಾಠಿಗೆ ತೋರಿಸಿದೆ. ನನ್ನ ವಿಷಯ ಬರುವ ಪ್ಯಾರಾ ಎರಡು ಸಲ ಓದಿದ, ಏನೂ ಹೇಳಲಿಲ್ಲ. ಕಾಗದ ವಾಪಸ್ಸು ಕೊಡುತ್ತಾ, "ನಮ್ಮ ಹಾಸ್ಟೆಲಲ್ಲಿ ಬಾವಲಿ ಇರ್ಲಿಲ್ಲ ಬಿಡು, ತಿಗಣೆ ಇತ್ತು" ಅಂದ.