ಅಣುಲೋಕದ ಇಕ್ಕಟ್ಟು

ವಧೂವರರಿಬ್ಬರಿಗೂ ಪರಸ್ಪರ ಒಪ್ಪಿಗೆಯಿದೆ. ಆದರೆ ಹಸೆಮಣೆಯ ಸುತ್ತ ನೆಂಟರಿಷ್ಟರು ಎಷ್ಟು ಒತ್ತಾಗಿ ಕುಳಿತಿದ್ದಾರೆಂದರೆ, ವರನಿಗೆ ವಧುವಿನ ಬಳಿ ಸಾರಲು ದಾರಿಯೇ ಇಲ್ಲ. ಮುಹೂರ್ತ ಮೀರುತ್ತದೆ, ಮದುವೆ ನಿಲ್ಲುತ್ತದೆ. ಮನುಷ್ಯರಲ್ಲಿ ಇಂಥ ಪ್ರಸಂಗ ವಿರಳ. ಅಣುಗಳ ಲೋಕದಲ್ಲಾದರೋ ಇದು ನಿತ್ಯದ ಸಂಗತಿ.

ಎರಡು ಅಣುಗಳ ನಡುವೆ ರಾಸಾಯನಿಕ ಕ್ರಿಯೆ ನಡೆಯಬೇಕಾದರೆ ಒಂದರ ನಿರ್ದಿಷ್ಟ ಪರಮಾಣು ಇನ್ನೊಂದರ ನಿರ್ದಿಷ್ಟ ಪರಮಾಣುವನ್ನು ಸಮೀಪಿಸಬೇಕು. ಪರಮಾಣುಗಳನ್ನು ನಾವು ಹಾಳೆಯ ಮೇಲೆ ಅಕ್ಷರಗಳಿಂದ ಸೂಚಿಸುವುದರಿಂದ, ಅವುಗಳಿಗೂ ಮೈಯುಂಟು ಎಂಬುದನ್ನು ಮರೆತುಬಿಡುತ್ತೇವೆ. ಪ್ರತಿಯೊಂದನ್ನೂ ಎಲೆಕ್ಟ್ರಾನುಗಳ ಮೋಡವೊಂದು ಕವಿದಿದೆ; ಈ ಮೋಡಗಳು ಮಿತಿಮೀರಿ ಹತ್ತಿರ ಬಂದಾಗ ಒಂದನ್ನೊಂದು ದೂಡುತ್ತವೆ. ಕ್ರಿಯೆ ನಡೆಯಬೇಕಾದ ಸ್ಥಾನದ ಇಕ್ಕೆಲಗಳಲ್ಲಿ ದೊಡ್ಡ ಪರಮಾಣುಗುಂಪುಗಳಿದ್ದರೆ ಹೊರಗಿನ ಅಣುವಿಗೆ ಪ್ರವೇಶ ದುರ್ಲಭವಾಗುತ್ತದೆ. ಆಗ ಕ್ರಿಯೆ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಇದಕ್ಕೆ ಸ್ಟೀರಿಕ್ ಅಡಚಣೆ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಸ್ಟೀರಿಯೋಸ್’ ಎಂದರೆ ಘನವಾದದ್ದು.

ಜರ್ಮನಿಯ ವಿಕ್ಟರ್ ಮೇಯರ್ 1894ರಲ್ಲಿ ಇದಕ್ಕೊಂದು ಸೊಗಸಾದ ನಿದರ್ಶನವನ್ನು ಮುಂದಿಟ್ಟನು. ಬೆಂಜೋಯಿಕ್ ಆಮ್ಲವನ್ನು ಹೈಡ್ರೊಕ್ಲೋರಿಕ್ ಆಮ್ಲದ ಸಮ್ಮುಖದಲ್ಲಿ ಆಲ್ಕೊಹಾಲಿನೊಡನೆ ಸೇರಿಸಿದರೆ ಎಸ್ಟರ್ ಎಂಬ ಸಂಯುಕ್ತ ದೊರೆಯುತ್ತದೆ. ಈ ಆಮ್ಲದಲ್ಲಿ ಆರು ಇಂಗಾಲಗಳ ಉಂಗುರವಿದೆ. ಅದರ ಒಂದು ಮೂಲೆಯಲ್ಲಿ ಆಮ್ಲಗುಂಪಿದೆ. ಆ ಗುಂಪಿನ ಎರಡೂ ನೆರೆಮನೆಗಳನ್ನು ಬೇರೆ ಗುಂಪುಗಳು ಆಕ್ರಮಿಸಿದರೆ ಎಸ್ಟರ್ ಹುಟ್ಟುವುದೇ ಇಲ್ಲವೆನ್ನಬಹುದು. ಅವೇ ಗುಂಪುಗಳು ದೂರದ ಮೂಲೆಗಳಲ್ಲಿದ್ದರೆ ಅಡ್ಡಿಯಿಲ್ಲ. ಆಮ್ಲಗುಂಪನ್ನೇ ಉಂಗುರದಿಂದ ಒಂದು ಇಂಗಾಲದಷ್ಟು ಆಚೆಗೆ ಸರಿಸಿದರೂ ಕ್ರಿಯೆ ಸರಾಗವಾಗಿ ಸಾಗುತ್ತದೆ. ಎಂದಮೇಲೆ, ಮುಖ್ಯ ಕೊರತೆಯಿದ್ದದ್ದು ಒಲವಿನಲ್ಲಲ್ಲ, ಸ್ಥಳದಲ್ಲಿ.

ಇದೆಲ್ಲ ಪ್ರಯೋಗಶಾಲೆಯ ವಿನೋದವಾಯಿತು. ಇದರಿಂದ ನಮಗೇನು ಎಂದು ಕೇಳುವವರಿರಬಹುದು. ಅವರಿಗೆ ಉತ್ತರ ಪೆನಿಸಿಲಿನ್ನಿನ ಕಥೆಯಲ್ಲಿದೆ.

ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಗುರುತಿಸಿದ ಪೆನಿಸಿಲಿನ್ನಿನ ಜೀವಾಳವೆಂದರೆ ಅದರಲ್ಲಿರುವ ನಾಲ್ಕು ಪರಮಾಣುಗಳ ಒಂದು ಪುಟ್ಟ ಉಂಗುರ. ಮೂರು ಇಂಗಾಲ, ಒಂದು ಸಾರಜನಕ. ಬಾಗಿಸಿ ಕಟ್ಟಿದ ಬಿಲ್ಲಿನಂತೆ ಅದು ಸದಾ ಬಿಗಿತದಲ್ಲಿದ್ದು, ಬಿಚ್ಚಿಕೊಳ್ಳಲು ಹವಣಿಸುತ್ತಿರುತ್ತದೆ. ಬ್ಯಾಕ್ಟೀರಿಯಾ ತನ್ನ ಕೋಶದ ಗೋಡೆಯನ್ನು ಹೆಣೆಯಲು ಬಳಸುವ ಕಿಣ್ವ ಈ ಉಂಗುರವನ್ನು ತೆರೆದೊಡನೆ ತಾನೇ ಅದಕ್ಕೆ ಸಿಕ್ಕಿಬೀಳುತ್ತದೆ. ಗೋಡೆ ಶಿಥಿಲಗೊಂಡು ಬ್ಯಾಕ್ಟೀರಿಯಾ ಸಾಯುತ್ತದೆ. ಆದರೆ ಅಬ್ರಹಾಂ ಮತ್ತು ಚೇನ್ 1940ರಲ್ಲಿಯೇ ಅಶುಭದ ಸೂಚನೆಯನ್ನು ಕಂಡಿದ್ದರು. ಪೆನಿಸಿಲಿನೇಸ್ ಎಂಬ ಇನ್ನೊಂದು ಕಿಣ್ವ ಆ ಉಂಗುರವನ್ನು ಒಡೆದು, ತಾನು ಸಿಕ್ಕಿಬೀಳದೆ, ಔಷಧವನ್ನು ನಿರ್ವೀರ್ಯಗೊಳಿಸುತ್ತಿತ್ತು. 1950ರ ದಶಕದಲ್ಲಿ ಈ ಕಿಣ್ವವನ್ನು ಪಡೆದ ಸ್ಟೆಫಿಲೊಕಾಕಸ್ ಹಲವು ಆಸ್ಪತ್ರೆಗಳನ್ನು ಆವರಿಸಿತು. ಶಸ್ತ್ರಚಿಕಿತ್ಸೆಯಿಂದ ಬದುಕಿದ ರೋಗಿ ಗಾಯದ ಕೀವಿನಿಂದ ಸಾಯುವ ಭೀತಿ ಮರಳಿತು.

ಇಂಗ್ಲೆಂಡಿನ ಬೀಚಮ್ ಪ್ರಯೋಗಾಲಯದವರು ಪೆನಿಸಿಲಿನ್ನಿನ ತಿರುಳನ್ನು ಬೇರ್ಪಡಿಸಿ, ಅದಕ್ಕೆ ತಮಗೆ ಬೇಕಾದ ಬಾಲವನ್ನು ಜೋಡಿಸುವ ಮಾರ್ಗವನ್ನು 1959ರಲ್ಲಿ ಪ್ರಕಟಿಸಿದರು. ಹಾಗೆ ರೂಪುಗೊಂಡದ್ದು ಮೆಥಿಸಿಲಿನ್. ಅದರ ಬಾಲದಲ್ಲಿ ಆರು ಇಂಗಾಲಗಳ ಉಂಗುರ. ಸಂಧಿಸ್ಥಾನದ ಎರಡೂ ನೆರೆಮನೆಗಳಲ್ಲಿ ಒಂದೊಂದು ಮೆಥಾಕ್ಸಿ ಗುಂಪು. ಮೇಯರನು ಕಂಡ ಇಕ್ಕಟ್ಟೇ ಇಲ್ಲಿ ಕಾವಲಾಯಿತು. ಪೆನಿಸಿಲಿನೇಸ್ ಒಳನುಗ್ಗಿ ಪುಟ್ಟ ಉಂಗುರವನ್ನು ಒಡೆಯಲಾರದೆ ಹೋಯಿತು. ಗೋಡೆ ಹೆಣೆಯುವ ಕಿಣ್ವವಾದರೋ ಈ ದಪ್ಪ ಅತಿಥಿಯನ್ನು ಹೇಗೋ ಒಳಗೊಂಡು, ಹಿಂದಿನಂತೆಯೇ ಸಿಕ್ಕಿಬಿದ್ದಿತು.

ಕಾವಲಿಗೆ ಬೆಲೆ ತೆರಬೇಕಾಯಿತೆನ್ನುವುದನ್ನು ಮರೆಯಬಾರದು. ಪೆನಿಸಿಲಿನೇಸ್ ಇಲ್ಲದ ಸಾಧಾರಣ ಬ್ಯಾಕ್ಟೀರಿಯಾಗಳ ಮೇಲೆ ಮೆಥಿಸಿಲಿನ್ನಿನ ಪ್ರಭಾವ ಮೂಲ ಪೆನಿಸಿಲಿನ್ನಿಗಿಂತ ಕಡಿಮೆ. ಜಠರದ ಆಮ್ಲವನ್ನು ತಾಳದಾದ್ದರಿಂದ ಅದನ್ನು ಚುಚ್ಚುಮದ್ದಾಗಿಯೇ ಕೊಡಬೇಕಿತ್ತು. ಈ ಕೊನೆಯ ತೊಡಕನ್ನು ನೀಗಿದ ಕ್ಲಾಕ್ಸಸಿಲಿನ್ ಮುಂತಾದವು ಅದೇ ತತ್ತ್ವವನ್ನು ಅನುಸರಿಸಿ ಬಂದವು.

ಶತ್ರುವೂ ಸುಮ್ಮನಿರಲಿಲ್ಲ. 1961ರಲ್ಲಿಯೇ ಮೆಥಿಸಿಲಿನ್ನಿಗೂ ಮಣಿಯದ ಸ್ಟೆಫಿಲೊಕಾಕಸ್ ಬ್ರಿಟನ್ನಿನಿಂದ ವರದಿಯಾಯಿತು. ಅದು ಔಷಧವನ್ನು ಒಡೆಯುವ ಗೋಜಿಗೆ ಹೋಗಲಿಲ್ಲ. ಗೋಡೆ ಹೆಣೆಯಲು ಔಷಧವು ಸುಲಭವಾಗಿ ಹೊಗಲಾರದ ಆಕೃತಿಯ ಬೇರೊಂದು ಕಿಣ್ವವನ್ನು ಪಡೆದುಕೊಂಡಿತು. ನಾವು ಔಷಧದ ಬಾಗಿಲನ್ನು ಕಾದರೆ, ಅದು ತನ್ನ ಮನೆಯ ಬಾಗಿಲನ್ನೇ ಕಿರಿದುಗೊಳಿಸಿತು. ಮೆಥಿಸಿಲಿನ್ ಇಂದು ಚಿಕಿತ್ಸೆಯಲ್ಲಿ ಬಳಕೆಯಲ್ಲಿಲ್ಲ. ಎಂಆರ್‌ಎಸ್‌ಎ ಎಂಬ ಭೀತಿ ಹುಟ್ಟಿಸುವ ಹೆಸರಿನ ಮೊದಲಕ್ಷರವಾಗಿ ಮಾತ್ರ ಉಳಿದಿದೆ. ಸಣ್ಣ ನೆಗಡಿಗೂ ಇಂಥ ಔಷಧಗಳನ್ನು ಕೇಳಿ ನುಂಗುವ ನಾವು, ಎದುರಾಳಿಗೂ ಪಾಠ ಕಲಿಯುವ ಅವಕಾಶವನ್ನು ಕೊಡುತ್ತಿದ್ದೇವೆ ಎಂಬುದನ್ನು ನೆನಪಿನಲ್ಲಿಡುವುದು ಒಳಿತು.